ಆಯಿಯ ಸರದಲ್ಲಿದ್ದ ಈ ಬೆಳ್ಳಿ ನಾಣ್ಯ ಯಾವ ಸಂಸ್ಥಾನದ್ದು?

ಪ್ರಶ್ನೆ (ಕಲಬುರಗಿಯಿಂದ)
ಮಾನ್ಯರೆ, ನಮ್ಮ ಆಯಿಯ ಸರದಲ್ಲಿ ಬೆಳ್ಳಿ ರೂಪಾಯಿಗಳ ನಡುವೆ ತೂತು ಕೊರೆದು ಪೋಣಿಸಿದ್ದ ಒಂದು ಚಿಕ್ಕ ನಾಣ್ಯವಿದೆ. ಒಂದು ಬದಿಯಲ್ಲಿ ಹೆಣ್ಣಿನ ಮುಖ, ಇನ್ನೊಂದು ಬದಿಯಲ್ಲಿ ಕಿರೀಟದಡಿ ಮೂರು ಲಿಲ್ಲಿ ಹೂಗಳ ಗುರಾಣಿ ಮತ್ತು 1665ನೆಯ ಇಸವಿ ಇವೆ. ಸರಾಫರು ಇದನ್ನು ಫ್ರಾನ್ಸಿನ ರಾಣಿಯ ನಾಣ್ಯವೆಂದರು. ಅದು ನಿಜವೇ?

ಉತ್ತರ (ಬೀದರ್‌ನಿಂದ)
ಅವರು ರಾಣಿಯಲ್ಲ. ಫ್ರಾನ್ಸಿನ ಲಿಯೋಂ ನಗರದ ಉತ್ತರಕ್ಕಿದ್ದ ದೋಂಬ್ ಎಂಬ ಪುಟ್ಟ ಸಂಸ್ಥಾನದ ಒಡತಿ, ಫ್ರಾನ್ಸಿನ ಅರಸ 14ನೆಯ ಲೂಯಿಯ ಚಿಕ್ಕಪ್ಪ ಗಾಸ್ತೋನನ ಮಗಳು ಆನ್ ಮರೀ ಲೂಯಿಸ್ (1627–1693) ಇರಬೇಕು. ಆಕೆಯ ಟಂಕಸಾಲೆ ಸೋನ್ ನದಿಯ ದಂಡೆಯ ತ್ರೆವೂದಲ್ಲಿತ್ತು. ಇದು ಎಕ್ಯು ಎಂಬ ಫ್ರಾನ್ಸಿನ ದೊಡ್ಡ ಬೆಳ್ಳಿ ನಾಣ್ಯದ ಹನ್ನೆರಡನೆಯ ಒಂದು ಭಾಗ, ತೂಕ ಸುಮಾರು ಸವಾ ಎರಡು ಗ್ರಾಂ. 1660ರ ದಶಕದಲ್ಲಿ ಫ್ರೆಂಚ್ ವ್ಯಾಪಾರಿಗಳು ಇಂಥ ನಾಣ್ಯಗಳನ್ನು ತುರ್ಕರ ಸ್ಮಿರ್ನಾ ಬಂದರಿಗೆ ಒಯ್ದಾಗ, ಅಂದದ ಮುಖಚಿತ್ರಕ್ಕೆ ಮನಸೋತ ಜನ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡರು. ಆ ಬೇಡಿಕೆಯೇ ತ್ರೆವೂದ ಅಚ್ಚುಗಳಿಗೆ ಬಿಡುವಿಲ್ಲದಂತೆ ಮಾಡಿತು.

ಉತ್ತರ (ಯಾದಗಿರಿಯಿಂದ)
ಒಂದು ಎಚ್ಚರಿಕೆ. ಲಾಭ ಕಂಡ ಇಟಲಿಯ ಲಿಗೂರಿಯಾ ಕಡೆಯ ಚಿಕ್ಕ ಪಾಳೆಯಗಾರರು, ಲೋವಾನೋದ ಡೋರಿಯಾ ಮತ್ತು ಫೋಸ್ದಿನೋವೋದ ಮಲಾಸ್ಪೀನಾ ಮನೆತನದವರು, ಅದೇ ಹೋಲಿಕೆಯ ನಾಣ್ಯ ಹೊಡೆಸಿ ಬೆಳ್ಳಿಯನ್ನು ಇಳಿಸುತ್ತ ಹೋದರು. ದಶಕದ ಕೊನೆಗೆ ತುರ್ಕರ ಸರ್ಕಾರ ಇವನ್ನು ತಿರಸ್ಕರಿಸಿತು. ಪರದೇಶದ ಮಾದರಿ ಅನುಸರಿಸುವುದೇ ತಪ್ಪೆಂದು ನಾನು ಹೇಳಲಾರೆ. ನಮ್ಮ ವಿಜಯಪುರದ ಆದಿಲಶಾಹಿಗಳೂ ಪರ್ಶಿಯಾದ ಲಾರಿ ಎಂಬ ನಾಣ್ಯದಂತೆ ಬೆಳ್ಳಿ ತಂತಿ ಮಡಚಿ ನಾಣ್ಯ ಹೊಡೆಸಿದ್ದರು. ತಪ್ಪು ಇದ್ದುದು ಬೆಳ್ಳಿಯ ಕಳವಿನಲ್ಲಿ. ಆದ್ದರಿಂದ ಒರೆಗಲ್ಲಿಗೆ ಹಚ್ಚಿಸಿ ನೋಡಿ: ಅಸಲಿನಲ್ಲಿ 12 ಭಾಗಕ್ಕೆ 11 ಭಾಗ ಬೆಳ್ಳಿ ಇರಬೇಕು. ಹೂಗಳ ಮೇಲೆ ಮೂರು ಕಾಲಿನ ಅಡ್ಡಪಟ್ಟಿ ಇದೆಯೇ? ಅದು ಗಾಸ್ತೋನ ಮತ್ತು ಆತನ ಮಗಳ ಓರ್ಲೆಯಾನ್ ಮನೆತನದ ಗುರುತು, ಫ್ರಾನ್ಸಿನ ಅರಸನ ನಾಣ್ಯದಲ್ಲಿ ಅದಿಲ್ಲ.

ಪ್ರಶ್ನೆ ಕೇಳಿದವರು
ಪಟ್ಟಿ ಸ್ಪಷ್ಟವಾಗಿದೆ, ಒರೆಯಲ್ಲಿ ಒಳ್ಳೆಯ ಬೆಳ್ಳಿಯೆಂದೇ ಬಂತು. ತೂತನ್ನು ಬೆಸುಗೆ ಹಾಕಿಸಲೇ?

ಉತ್ತರ (ಬೀದರ್‌ನಿಂದ)
ದಯವಿಟ್ಟು ಬೇಡ. ತುರ್ಕರ ನಾಡಿನ ಹೆಂಗಸರೂ ಈ ನಾಣ್ಯಗಳನ್ನು ಆಭರಣವಾಗಿ ತೊಡುತ್ತಿದ್ದರು. ಆ ತೂತು ಕೊರೆದದ್ದು ನಿಮ್ಮ ಆಯಿಗಿಂತ ಬಹಳ ಹಿಂದೆಯೂ ಇರಬಹುದು.