ಸಿಂಗಪುರದಲ್ಲಿ ಅಕ್ಕನ ಹಿಟ್ಟಿನಂಗಡಿ: ಉದ್ರಿ ಪುಸ್ತಕ ಬಿಟ್ಟು ಡಿಜಿಟಲ್‌ಗೆ ಹೋಗೋದಾದ್ರೆ ಎಲ್ಲಿಂದ ಶುರು ಮಾಡ್ಬೇಕು?

ಕುಂದಾಪುರದ ತಂಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಸೆರಂಗೂನ್ ರೋಡಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಅಕ್ಕ-ಭಾವನ ಅಂಗಡಿ ಇದೆ. 19 ವರ್ಷ ಆಯ್ತು. ಮುಂದುಗಡೆ ಕುಚ್ಚಲಕ್ಕಿ, ತೆಂಗಿನೆಣ್ಣೆ, ಬಾಳೆಎಲೆ, ಹಪ್ಪಳ. ಹಿಂದುಗಡೆ ಎರಡು ಗ್ರೈಂಡರ್. ಹೊಟ್ಟೆ ತುಂಬಿಸೋದು ಹಿಂದುಗಡೆಯದ್ದೇ: ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರುಬ್ಬಿದ ದೋಸೆ, ಇಡ್ಲಿ ಹಿಟ್ಟು 11 ಹೋಟೆಲು, ಕ್ಯಾಂಟೀನುಗಳಿಗೆ ಹೋಗುತ್ತೆ. ಎಲ್ಲಾ ಉದ್ರಿ. ತಿಂಗಳ ಕೊನೆಗೆ ಲೆಕ್ಕ.

ಆ ಲೆಕ್ಕ ಅಕ್ಕನ ಪುಸ್ತಕದಲ್ಲಿದೆ, ಕನ್ನಡದಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಪುಟ. ಹೋಟೆಲಿನ ಹೆಸರಿಲ್ಲ, "ಮೂಲೆ ಮನೆ", "ಕನ್ನಡಕದವರು", "ಬಸ್ ಸ್ಟಾಪ್" ಅಂತ ಇದೆ. ಬಂದ ದುಡ್ಡಿಗೆ ಸುತ್ತು ಹಾಕ್ತಾಳೆ, ಬಾಕಿಗೆ ಅಡಿಗೆರೆ. ಈ ವರ್ಷ ಅವಳಿಗೆ ಮಂಡಿ ಆಪರೇಷನ್ ಆಯ್ತು. ಮೂರು ವಾರ ಗಲ್ಲಾದಲ್ಲಿ ನಾನು ಕೂತೆ (ನಾನು ನರ್ಸ್, ವ್ಯಾಪಾರ ಗೊತ್ತಿಲ್ಲ). ಆ ಪುಸ್ತಕ ನನಗೆ ಅರ್ಥವೇ ಆಗಲಿಲ್ಲ. ಅವಳು ವಾಪಸ್ ಬಂದು ಕೂಡಿದಾಗ ಬಾಕಿ 6,400 ಡಾಲರ್. ಎರಡು ಹೋಟೆಲಿನವರು "ನಾವು ಕೊಟ್ಟಾಗಿದೆ" ಅಂದ್ರು. ಒಬ್ಬರು ನಿಜಕ್ಕೂ ಕೊಟ್ಟಿದ್ರು, ಭಾವನ ಸ್ವಂತ ಮೊಬೈಲ್ ನಂಬರಿಗೆ ಪೇನೌ (ಇಲ್ಲಿನ ಯುಪಿಐ ಥರದ್ದು) ಮಾಡಿ. ಅದು ಮನೆ ದುಡ್ಡಿನ ಜತೆ ಸೇರಿಹೋಗಿತ್ತು. ಇನ್ನೊಬ್ಬರದ್ದು ಇವತ್ತಿಗೂ ಬಗೆಹರಿದಿಲ್ಲ. ಹತ್ತು ವರ್ಷದ ಗಿರಾಕಿ, ಈಗ ಮಾತು ನಿಂತಿದೆ. ಅಕ್ಕನಿಗೆ ದುಡ್ಡಿಗಿಂತ ಅದೇ ಹೆಚ್ಚು ನೋವು.

ಹೋದ ವಾರ ಒಬ್ಬ ಸೇಲ್ಸ್‌ನವರು ಬಂದಿದ್ರು. ಬಿಲ್ಲಿಂಗ್ ಟ್ಯಾಬ್ಲೆಟ್, ಸ್ಟಾಕ್ ಲೆಕ್ಕ, ಗಿರಾಕಿಗಳಿಗೆ ಪಾಯಿಂಟ್ಸ್, ವೆಬ್‌ಸೈಟ್, ಎಲ್ಲಾ ಸೇರಿ 8,800 ಡಾಲರ್. "ಅರ್ಧ ಸರ್ಕಾರ ಕೊಡುತ್ತೆ, ಇವತ್ತೇ ಸಹಿ ಹಾಕಿ" ಅಂದ್ರು. ಅಕ್ಕ ಪೆನ್ನು ತಗೊಂಡಿದ್ಲು, ನಾನೇ ತಡೆದೆ.

ಭಾವನದ್ದು ಬೇರೆ ಭಯ. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸ್ ಬಂದ ಸುದ್ದಿ ಓದಿದಾಗಿನಿಂದ "ಎಲ್ಲಾ ಫೋನಿಗೆ ಹಾಕಿದ್ರೆ ನಮಗೂ ಅದೇ ಗತಿ" ಅಂತಾರೆ.

ಸಹಿ ಹಾಕೋದಾ ಬೇಡವಾ? ಮೊದಲು ಏನು ಮಾಡ್ಬೇಕು?

ಲೆಕ್ಕಪತ್ರದವನು, ಜುರಾಂಗ್

ಮೇಡಂ, ನೀವು ತಡೆದದ್ದು ತುಂಬ ಒಳ್ಳೆಯದಾಯಿತು. ಆ ಸೇಲ್ಸ್‌ನವರು ಹೇಳಿದ್ದು ಪ್ರೊಡಕ್ಟಿವಿಟಿ ಸೊಲ್ಯೂಷನ್ಸ್ ಗ್ರಾಂಟ್ ಇರಬೇಕು, ಎಲ್ಲರೂ ಪಿಎಸ್‌ಜಿ ಅನ್ನುತ್ತಾರೆ. ಸಣ್ಣ ವ್ಯಾಪಾರಗಳು ಇಂಥ ಸಾಫ್ಟ್‌ವೇರ್, ಯಂತ್ರ ಕೊಳ್ಳಲು ಸರ್ಕಾರ ಕೊಡುವ ಸಹಾಯಧನ. ಅದರಲ್ಲಿ ಅರ್ಜಿ ಮೊದಲು, ಸಹಿ ಆಮೇಲೆ. ಅರ್ಜಿ ಹಾಕುವ ಮೊದಲೇ ಒಪ್ಪಂದಕ್ಕೆ ಸಹಿ ಮಾಡಿದರೆ ಅಥವಾ ಮುಂಗಡ ಕೊಟ್ಟರೆ ಗ್ರಾಂಟ್ ಸಿಗುವುದಿಲ್ಲ. ಅಕ್ಕ ಅವತ್ತು ಸಹಿ ಹಾಕಿದ್ದರೆ ಪೂರ್ತಿ 8,800 ಅವರ ತಲೆಗೇ ಬರುತ್ತಿತ್ತು.

"ಸರ್ಕಾರ ಅರ್ಧ ಕೊಡುತ್ತದೆ" ಎನ್ನುವುದನ್ನೂ ಸರಿಯಾಗಿ ತಿಳಿದುಕೊಳ್ಳಿ. ಕೋವಿಡ್ ಕಾಲದಲ್ಲಿ ಶೇ 80ರವರೆಗೆ ಇತ್ತು, 2023ರ ಏಪ್ರಿಲ್‌ನಿಂದ ಶೇ 50ರವರೆಗೆ. ಅದೂ ಮುಂಚೆ ಕೈಗೆ ಬರುವುದಿಲ್ಲ. ಪೂರ್ತಿ ಹಣ ನೀವು ಕೊಟ್ಟು, ಸಾಮಾನು ಬಳಕೆಗೆ ಬಂದ ಮೇಲೆ ಕ್ಲೇಮ್ ಹಾಕಬೇಕು. 6,400 ಡಾಲರ್ ಹೊರಗೆ ನಿಂತಿರುವ ಅಂಗಡಿಗೆ ಇನ್ನೊಂದು 8,800 ಹೊರಗೆ ನಿಲ್ಲಿಸುವುದು ಸಣ್ಣ ಮಾತಲ್ಲ. ಕಂಪನಿಯ ಷೇರಿನಲ್ಲಿ ಕನಿಷ್ಠ ಶೇ 30 ಸಿಂಗಪುರದ ಪ್ರಜೆಗಳದ್ದೋ ಪಿಆರ್‌ಗಳದ್ದೋ (ಕಾಯಂ ನಿವಾಸಿಗಳದ್ದೋ) ಆಗಿರಬೇಕು, ಅದನ್ನೂ ನೋಡಿಕೊಳ್ಳಿ. ಯಾರಾದರೂ "ನಿಮ್ಮ ಪಾಲಿನ ಹಣ ನಾವೇ ಹಿಂದಿನಿಂದ ವಾಪಸ್ ಕೊಡುತ್ತೇವೆ" ಎಂದರೆ ಬಾಗಿಲು ತೋರಿಸಿ, ಅದು ಗ್ರಾಂಟ್ ವಂಚನೆ, ನಿಮ್ಮ ಮೇಲೂ ಬರುತ್ತದೆ.

ಭಾವನವರ ಭಯಕ್ಕೆ: ಇಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ತೆರಿಗೆಗೆ ಒಳಪಡುವ ವಹಿವಾಟು 10 ಲಕ್ಷ ಡಾಲರ್ ದಾಟಿದಾಗ. ನೋಟಿನಲ್ಲಿ ಬಂದರೂ ಪೇನೌನಲ್ಲಿ ಬಂದರೂ ಲೆಕ್ಕ ಒಂದೇ. ಆದಾಯ ತೆರಿಗೆಗೆ ಲೆಕ್ಕ ಇಡುವುದು ಈಗಲೂ ಕಡ್ಡಾಯವೇ. ಪುಸ್ತಕ ಅವರನ್ನು ಯಾವುದರಿಂದಲೂ ಕಾಪಾಡುತ್ತಿಲ್ಲ.

ಟೆಕ್ಕಾದಲ್ಲಿ ಅಲೆದವಳು

ತಂಗಿ, ನಿಮ್ಮ ಪ್ರಶ್ನೆ ಓದಿ ಮನಸ್ಸಿಗೆ ತುಂಬಾ ಹತ್ತಿರ ಅನ್ನಿಸ್ತು. 2020ರ ಜೂನಿನಲ್ಲಿ ಇಲ್ಲಿ ಜನರಿಗೆ, ಅಂಗಡಿಯವರಿಗೆ ಡಿಜಿಟಲ್ ಕಲಿಸೋಕೆ ಸರ್ಕಾರದ ಎಸ್‌ಜಿ ಡಿಜಿಟಲ್ ಆಫೀಸ್ ಶುರುವಾದಾಗ ನಾನು ಡಿಜಿಟಲ್ ಅಂಬಾಸಡರ್ ಆಗಿ ಸೇರಿದ್ದೆ. ಹಾಕರ್ ಸೆಂಟರ್‌ಗಳಲ್ಲಿ (ಒಂದೇ ಸೂರಿನಡಿ ಸಾಲು ಸಾಲು ತಿಂಡಿ ಅಂಗಡಿ ಇರೋ ಜಾಗ) ಅಂಗಡಿಯಿಂದ ಅಂಗಡಿಗೆ ಹೋಗಿ ಎಸ್‌ಜಿಕ್ಯೂಆರ್, ಅಂದ್ರೆ ಬೇರೆ ಬೇರೆ ಪಾವತಿ ಆ್ಯಪ್‌ಗಳಿಗೆ ಒಂದೇ ಕ್ಯೂಆರ್ ಸ್ಟಿಕ್ಕರ್, ಹಾಕಿಸೋದು ಕೆಲಸ. ತಿಂಗಳಿಗೆ 20 ಸಲವಾದರೂ ಅದರಲ್ಲಿ ದುಡ್ಡು ತಗೊಂಡ್ರೆ 300 ಡಾಲರ್, ಹೀಗೆ ಐದು ತಿಂಗಳು, ಒಟ್ಟು 1,500 ಡಾಲರ್ ಬೋನಸ್ ಇತ್ತು.

ಟೆಕ್ಕಾ ಸೆಂಟರ್‌ನಲ್ಲಿ ಮೀನು ಮಾರೋ ಒಬ್ರು ಅಜ್ಜಿಗೆ ನಾನು ಮೂರು ಸಲ ವಿವರಿಸಿದೆ. ಮೂರು ಸಲವೂ ತಲೆ ಆಡಿಸಿದ್ರು, ಸ್ಟಿಕ್ಕರ್ ಮಾತ್ರ ತಕ್ಕಡಿ ಹಿಂದೆ ಇತ್ತು. ನಾಲ್ಕನೇ ಸಲ ನಾನು ಏನೂ ಹೇಳದೆ ಒಂದು ಗಂಟೆ ಪಕ್ಕದಲ್ಲಿ ನಿಂತೆ. ಆಗ ಗೊತ್ತಾಯ್ತು. ಎರಡೂ ಕೈ ಒದ್ದೆ, ಮೀನಿನ ಹೊಲಸು, ಫೋನ್ ಮುಟ್ಟೋ ಹಾಗಿಲ್ಲ. ಗಿರಾಕಿ ತನ್ನ ಫೋನ್ ತೋರಿಸ್ತಾನೆ, ಅದು ಇವತ್ತಿನದ್ದೋ ನಿನ್ನೆಯ ಸ್ಕ್ರೀನ್‌ಶಾಟೋ ಅವರಿಗೆ ಹೇಗೆ ಗೊತ್ತಾಗ್ಬೇಕು? ಅವರು ಹಠಮಾರಿ ಆಗಿರ್ಲಿಲ್ಲ, ಮೋಸ ಹೋಗ್ಬಾರ್ದು ಅಂತ ಎಚ್ಚರವಾಗಿದ್ರು. ಹಳೇ ಫೋನೊಂದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಮೊಳೆಗೆ ತೂಗುಹಾಕಿ, ದುಡ್ಡು ಬಂದಾಗ ಜೋರಾಗಿ ಸದ್ದು ಬರೋ ಹಾಗೆ ಮಾಡಿದ್ವಿ. ಮಾರನೇ ದಿನ ಸ್ಟಿಕ್ಕರ್ ತಕ್ಕಡಿ ಮುಂದೆ ಬಂತು.

ಅದಕ್ಕೇ ಹೇಳ್ತೀನಿ, ಟ್ಯಾಬ್ಲೆಟ್, ವೆಬ್‌ಸೈಟ್ ಎಲ್ಲಾ ಪಕ್ಕಕ್ಕಿಡಿ. ನಿಮ್ಮಲ್ಲಿ ಸೋರ್ತಿರೋದು ಉದ್ರಿ. ಹನ್ನೊಂದು ಗಿರಾಕಿಗಳ ಬಾಕಿಗೆ ಪಾಯಿಂಟ್ಸ್ ಯಾಕೆ? ಮೊದಲು ಬ್ಯಾಂಕಿಗೆ ಹೋಗಿ ಅಂಗಡಿ ಖಾತೆಗೆ ಪೇನೌ ಕಾರ್ಪೊರೇಟ್ ಮಾಡಿಸಿ, ಅದು ಭಾವನ ನಂಬರಿಗಲ್ಲ, ಅಂಗಡಿಯ ಯುಇಎನ್ ನಂಬರಿಗೆ (ವ್ಯಾಪಾರದ ನೋಂದಣಿ ನಂಬರ್) ಜೋಡಣೆ ಆಗಬೇಕು. ಆಮೇಲೆ ಪ್ರತಿ ಬಿಲ್ಲಿನ ಕೆಳಗೆ ಕ್ಯೂಆರ್ ಹಾಕಿ. ಪೇನೌ ಕ್ಯೂಆರ್ ಒಳಗೆ ಮೊತ್ತ, ಬಿಲ್ ನಂಬರ್ ಎರಡನ್ನೂ ಮೊದಲೇ ಇಡಬಹುದು. ಹೋಟೆಲಿನವರು ಸ್ಕ್ಯಾನ್ ಮಾಡಿದ್ರೆ ಯಾವ ಬಿಲ್ಲಿನ ದುಡ್ಡು ಅಂತ ಬ್ಯಾಂಕ್ ಲೆಕ್ಕದಲ್ಲೇ ಇರುತ್ತೆ. "ಕೊಟ್ಟಿದ್ದೀವಿ", "ಬಂದಿಲ್ಲ" ಅನ್ನೋ ಜಗಳಕ್ಕೆ ಜಾಗ ಇರಲ್ಲ.

ಇನ್ನೊಂದು, ಅಕ್ಕನ ಪುಸ್ತಕ ಕಿತ್ಕೋಬೇಡಿ. ಎರಡು ತಿಂಗಳು ಎರಡೂ ನಡೀಲಿ. ಕಲಿಬೇಕಾದವರು ಅವರೇ, ನೀವಲ್ಲ. ಫೋನ್ ಅವರ ಕೈಯಲ್ಲೇ ಇರಲಿ, ನಿಮ್ಮ ಕೈ ಹಿಂದೆ ಕಟ್ಕೊಳ್ಳಿ.

ಕುಂದಾಪುರದ ತಂಗಿ

ಅಕ್ಕಾ, ಸರ್, ಇಬ್ಬರಿಗೂ ಕೈ ಮುಗೀತೀನಿ. ಸಹಿ ಹಾಕಲ್ಲ. ಒಂದು ಸಂಶಯ. ನಮ್ಮಕ್ಕ ಇಂಗ್ಲಿಷ್ ನಿಧಾನಕ್ಕೆ ಓದ್ತಾಳೆ. ಸಲಹೆ ಕೇಳೋಕೆ ದುಡ್ಡಿಲ್ಲದ ಜಾಗ ಇದೆಯಾ? ಇನ್‌ವಾಯ್ಸ್‌ನೌ ಅಂತ ಒಂದು ಹೋಟೆಲಿನವರು ಹೇಳ್ತಿದ್ರು, ಅದೇನು?

ಲೆಕ್ಕಪತ್ರದವನು, ಜುರಾಂಗ್

ಸಿಂಗಪುರ ಇಂಡಿಯನ್ ಚೇಂಬರ್ ಆಫ್ ಕಾಮರ್ಸ್ ನಡೆಸುವ ಎಸ್‌ಎಂಇ ಸೆಂಟರ್ (ಸಣ್ಣ, ಮಧ್ಯಮ ವ್ಯಾಪಾರಗಳಿಗೆ ಸಲಹೆ ಕೊಡುವ ಕೇಂದ್ರ) ಇದೆ, ಸಲಹೆಗೆ ಹಣ ಇಲ್ಲ. ಅಕ್ಕನವರನ್ನೇ ಕರೆದುಕೊಂಡು ಹೋಗಿ.

ಇನ್‌ವಾಯ್ಸ್‌ನೌ 2019ರಲ್ಲಿ ಬಂದದ್ದು. ಬಿಲ್ಲನ್ನು ಪಿಡಿಎಫ್ ಮಾಡಿ ಕಳಿಸುವುದಲ್ಲ, ನಿಮ್ಮ ಲೆಕ್ಕದ ಸಾಫ್ಟ್‌ವೇರ್‌ನಿಂದ ಅವರ ಸಾಫ್ಟ್‌ವೇರ್‌ಗೆ ಪೆಪ್ಪೋಲ್ ಎಂಬ ಅಂತರರಾಷ್ಟ್ರೀಯ ಇ-ಬಿಲ್ ಜಾಲದ ಮೂಲಕ ನೇರವಾಗಿ ಹೋಗುವುದು. ಅಲ್ಲಿ ಯಾರೂ ಮತ್ತೆ ಕೈಯಲ್ಲಿ ಟೈಪ್ ಮಾಡಬೇಕಿಲ್ಲ. ಆದರೆ ಎದುರಿನವರೂ ಜಾಲದಲ್ಲಿ ಇರಬೇಕು. ನಿಮ್ಮ 11ರಲ್ಲಿ ಒಬ್ಬರಿದ್ದರೆ ಸದ್ಯಕ್ಕೆ ಅವಸರವಿಲ್ಲ.

ಗಾಂಧಿಬಜಾರ್ ಅಂಗಡಿಯವನು

ನಾನು ಬೆಂಗಳೂರಿಂದ. ನಿಮ್ಮ ಭಾವಂಗೆ ನನ್ನ ಮಾತು ಮುಟ್ಟಿಸಿ. ಆ ನೋಟಿಸ್ ಬಂದಾಗ ನಾವೂ ಹೆದರಿದ್ವಿ, ನಮ್ಮ ಸಾಲಿನಲ್ಲಿ ಕೆಲವರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದಿದ್ರು. ಇಲ್ಲಿ ಸರಕು ಮಾರೋರಿಗೆ ಜಿಎಸ್‌ಟಿ ಮಿತಿ 40 ಲಕ್ಷ ರೂಪಾಯಿ, ಅದು ದಾಟಿದೆ ಅಂತ ಯುಪಿಐ ಮೊತ್ತ ನೋಡಿ ಕೇಳಿದ್ರು. ಸಾಲ ವಾಪಸ್ ಬಂದದ್ದು, ಮನೆಯವರು ಕಳಿಸಿದ್ದು ಎಲ್ಲಾ ಅಂಗಡಿ ಕ್ಯೂಆರ್‌ನಲ್ಲೇ ಬಿದ್ದಿತ್ತು, ಬೇರ್ಪಡಿಸಿ ತೋರಿಸೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಮನೆ ಖಾತೆ, ಅಂಗಡಿ ಖಾತೆ ಮೊದಲೇ ಬೇರೆ ಮಾಡಿದ್ರೆ ನನಗೆ ಆ ಎರಡು ತಿಂಗಳ ನಿದ್ದೆ ಉಳೀತಿತ್ತು.

ಕುಂದಾಪುರದ ತಂಗಿ (ಐದು ವಾರದ ನಂತರ)

ಹೇಳದೆ ಹೋಗ್ಬಾರ್ದು ಅಂತ ಬರೀತಿದ್ದೀನಿ.

ಗಾಂಧಿಬಜಾರಿನವರ ಮಾತು ಓದಿ ಹೇಳಿದ ಮೇಲೆ ಭಾವ ತಾವೇ ಬ್ಯಾಂಕಿಗೆ ಬಂದ್ರು. ಯುಇಎನ್‌ಗೆ ಪೇನೌ ಆಯ್ತು. ಬಿಲ್ಲಿಗೆ ಒಂದು ಸರಳ ಸಾಫ್ಟ್‌ವೇರ್ ಹಾಕಿದ್ವಿ, ತಿಂಗಳಿಗೆ 25 ಡಾಲರ್, ಗ್ರಾಂಟ್ ಬೇಕಾಗಲಿಲ್ಲ. ಅಕ್ಕ ಅದರಲ್ಲಿ ಗಿರಾಕಿಗಳ ಹೆಸರಿನ ಮುಂದೆ ಕನ್ನಡದಲ್ಲೇ "ಮೂಲೆ ಮನೆ", "ಕನ್ನಡಕದವರು" ಅಂತ ಸೇರಿಸಿದ್ದಾಳೆ. ಮೊದಲ ವಾರ ದಿನಕ್ಕೆ ಹತ್ತು ಸಲ ನನಗೆ ಫೋನ್ ಬರ್ತಿತ್ತು. ನೈಟ್ ಡ್ಯೂಟಿ ಮುಗಿಸಿ ಹೋದ್ರೆ ಬಾಗಿಲಲ್ಲೇ ಫೋನ್ ಹಿಡ್ಕೊಂಡು ನಿಂತಿರ್ತಿದ್ಲು. ಈಗ ಎರಡು ದಿನಕ್ಕೊಮ್ಮೆ.

ಹನ್ನೊಂದರಲ್ಲಿ ಎಂಟು ಜನ ಈ ಸಲ ಕ್ಯೂಆರ್‌ನಲ್ಲೇ ಕೊಟ್ರು. ಇಬ್ಬರು ಚೆಕ್ಕೇ ಕೊಡ್ತೀವಿ ಅಂದ್ರು, ಆಗ್ಲಿ.

ಉಳಿದವರು ಮಾತು ಬಿಟ್ಟಿದ್ದ ಆ ಹಳೇ ಗಿರಾಕಿ. ಅವರ ಹಳೇ ಬಾಕಿಯ ಪುಟವನ್ನ ಅಕ್ಕ ದಿನಾಂಕದ ಪ್ರಕಾರ ಬಿಲ್ ಮಾಡಿ ಪ್ರಿಂಟ್ ತೆಗೆದು ತಾನೇ ತಗೊಂಡು ಹೋದ್ಲು. ಇಬ್ಬರೂ ಕೂತು ಒಂದೊಂದೇ ಸಾಲು ನೋಡಿದ್ರಂತೆ. ನಾಲ್ಕು ದಿನದ ಹಿಟ್ಟು ಅವರು ಬರ್ಕೊಂಡಿರ್ಲಿಲ್ಲ, ಒಂದು ಸಲ ಕೊಟ್ಟ ದುಡ್ಡಿಗೆ ಅಕ್ಕ ಸುತ್ತು ಹಾಕಿರ್ಲಿಲ್ಲ. ನಾಳೆಯಿಂದ ಅವರಿಗೆ ಮತ್ತೆ ಹಿಟ್ಟು ಹೋಗುತ್ತೆ, ದಿನಕ್ಕೆ 12 ಕಿಲೋ.