ದುಡ್ಡು ಉಳಿಸೋಕೆ ಮಾತ್ರೆ ಅರ್ಧ ಮಾಡ್ತಾರೆ, ಏನು ಮಾಡೋದು?

ಲಗ್ಗೆರೆ ವಠಾರ:
ನಮ್ಮ ವಠಾರದಲ್ಲಿ ಒಂಟಿಯಾಗಿರೋ ಅಜ್ಜಿಗೆ 71 ವರ್ಷ, ಬಿಪಿ, ಶುಗರ್ ಎರಡೂ ಇದೆ. ತಿಂಗಳು ಪೂರ್ತಿ ಬರ್ಲಿ ಅಂತ ಮಾತ್ರೆ ಮುರಿದು ಅರ್ಧರ್ಧ ನುಂಗ್ತಾರೆ. ಬೆಳಿಗ್ಗೆ ಬರೀ ಟೀ, ಮಧ್ಯಾಹ್ನ ಸೊಸೈಟಿ ಅಕ್ಕಿ ಅನ್ನ, ಉಪ್ಪಿನಕಾಯಿ. ಒಂದು ಸ್ಟ್ರಿಪ್ಪು ಬಿಪಿಗೆ, ಆಮ್ಲೋಡಿಪಿನ್ 5. ಇನ್ನೊಂದು ಶುಗರಿಗೆ, ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ 500 ಎಸ್‌ಆರ್ ಒಟ್ಟಿಗಿರೋದು. ಮೊದಲು ಯಾವುದನ್ನ ಸರಿಮಾಡ್ಬೇಕು?

ಔಷಧದಂಗಡಿ:
ಮೊದಲು ಆ ಎರಡನೇದು. ಎಸ್‌ಆರ್ ಮಾತ್ರೆ ನಿಧಾನಕ್ಕೆ ಕರಗೋಕೆ ಮಾಡಿದ್ದು, ಮುರೀಬಾರ್ದು. ಗ್ಲಿಮೆಪಿರೈಡ್ ಹೊಟ್ಟೆ ಖಾಲಿ ಇದ್ರೂ ಶುಗರ್ ಇಳಿಸ್ತಾನೇ ಇರುತ್ತೆ. ಬೆವರು, ನಡುಕ, ಇದ್ದಕ್ಕಿದ್ದಂತೆ ಮಂಕು ಕಂಡ್ರೆ ವಯಸ್ಸಿನ ಮರೆವು ಅಂತ ಬಿಡ್ಬೇಡಿ. 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ರೆ ಇನ್ನೊಂದ್ಸಲ, ಆಮೇಲೆ ಊಟ. ಈ ಮಾತ್ರೇಲಿ ಶುಗರ್ ಮತ್ತೆ ಬೀಳ್ಬೋದು, ಅವತ್ತೇ ಆಸ್ಪತ್ರೆಗೆ ತೋರಿಸಿ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ದೆ 108ಕ್ಕೆ ಫೋನ್ ಮಾಡಿ.

ನರ್ಸಮ್ಮ:
ಸರ್ಕಾರದ "ನಮ್ಮ ಕ್ಲಿನಿಕ್" ಇಲ್ಲಾ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ, ಬಿಪಿ-ಶುಗರ್ ಮಾತ್ರೆ ಪುಕ್ಕಟೆ. ಚೀಟಿ ಜೊತೆ ಸ್ಟ್ರಿಪ್ಪೂ ಇರ್ಲಿ. "ಅರ್ಧ ನುಂಗ್ತಾರೆ, ಬೆಳಿಗ್ಗೆ ತಿಂಡಿ ಇಲ್ಲ" ಅಂತ ಡಾಕ್ಟರಿಗೆ ಹೇಳ್ಲೇಬೇಕು. ಅಜ್ಜಿ ನಾಚಿಕೆಗೆ ಹೇಳಲ್ಲ. ಹೇಳದಿದ್ರೆ ಶುಗರ್ ಜಾಸ್ತಿ ಇದೆ ಅಂತ ಡೋಸ್ ಏರಿಸ್ತಾರೆ. ಮಾತ್ರೆ ಪುಕ್ಕಟೆ ಸಿಕ್ಕ ದಿನ ಅದನ್ನೇ ಪೂರ್ತಿ ನುಂಗಿದ್ರೆ ಶುಗರ್ ಪಾತಾಳಕ್ಕೆ ಇಳಿಯುತ್ತೆ. ಇದೇ ನನಗೆ ಎಲ್ಲಕ್ಕಿಂತ ದೊಡ್ಡ ಭಯ. ಅಲ್ಲಿ ಸ್ಟಾಕ್ ಇಲ್ಲ ಅಂದ್ರೆ ಜನೌಷಧಿ ಅಂಗಡೀಲಿ ಕಂಪನಿ ಹೆಸರು ಬಿಟ್ಟು ಔಷಧಿ ಹೆಸರು ಹೇಳಿ ಕೇಳಿ. ವಯಸ್ಸಾದೋರ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರ್ತಿದ್ಯಾ? ಇಲ್ಲದಿದ್ರೆ ನಾಡಕಚೇರೀಲಿ ಅರ್ಜಿ ಹಾಕಿಸಿ. ನಿಂತುಹೋಗಿದ್ರೆ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದ್ಯಾ ನೋಡಿ.

ರಾಗಿಮುದ್ದೆ:
ಉಪ್ಪಿನಕಾಯಿ ಉಪ್ಪು ಬಿಪಿ ಏರಿಸುತ್ತೆ, ಪಲ್ಯ-ಸಾರಿಗೆ ದುಡ್ಡಿಲ್ಲದೆ ಅದೇ ನಂಚಿಕೊಳ್ಳೋದು. 50 ಕೆಜಿ ತೂಗೋರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೇಲಿ 6 ಗ್ರಾಂ, 30 ಗ್ರಾಂ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ ಸಿಗುತ್ತೆ. ಹಲ್ಲಿಲ್ಲದಿದ್ರೆ ಹುರಿದು ಪುಡಿ ಮಾಡಿ ಅನ್ನಕ್ಕೆ ಕಲಸಿ ಕೊಡಿ. ಹುರಳಿ ಬೇಯಿಸಿ ಬಸ್ಸಾರು ಮಾಡೋದೂ ಅಗ್ಗ.

ಲಗ್ಗೆರೆ ವಠಾರ:
ನಾಳೆನೇ ಕರ್ಕೊಂಡು ಹೋಗ್ತೀನಿ. ನೀರೂ ಕುಡಿಯಲ್ಲ, ಶೌಚಾಲಯ ವಠಾರದ ಆ ತುದೀಲಿದೆ.

ನರ್ಸಮ್ಮ:
ಅದನ್ನೂ ಹೇಳಿ. ನೀರು ಕಮ್ಮಿ ಆದ್ರೆ ಉರಿಮೂತ್ರ, ಎದ್ದಾಗ ತಲೆಸುತ್ತು, ಕತ್ತಲಲ್ಲಿ ಬಿದ್ದು ಸೊಂಟ ಮುರಿಯೋದು. ಹಗಲಲ್ಲೇ ಹೆಚ್ಚು ಕುಡಿಸಿ, ರಾತ್ರಿಗೆ ಮುಚ್ಚಳದ ಬಕೆಟ್ ಮಂಚದ ಹತ್ರ ಇಡಿ.