ಪದಚರ್ಚೆ: ಟರ್ಬೊದ ‘ಬೂಸ್ಟ್’ಗೆ ‘ಒತ್ತಡ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಪೆಟ್ರೋಲ್ ಇಂಜಿನ್, ಕರೆಂಟ್ ಮೋಟಾರ್ ಎರಡೂ ಇರುವ ಹೈಬ್ರಿಡ್ ಕಾರಿಗೆ ಲೋ ಬೂಸ್ಟ್ ಟರ್ಬೊ ಕೂಡಿಸುವುದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟರ್ಬೊ ಅಂದರೆ ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ‘ಲೋ ಬೂಸ್ಟ್’ಗೆ ಮೊದಲು ‘ಕಡಿಮೆ ಒತ್ತಡ’ ಎಂದು ಹಾಕಿದ್ದೆ. ಇಲ್ಲೇ ಬೆಳಗಾವಿಯಲ್ಲಿ ಓದುತ್ತಿರುವ ತಂಗಿಯ ಮಗಳಿಗೆ ತೋರಿಸಿದೆ. ‘ಮಾಮಾ, ಹಂಗಾದ್ರ ಇಂಜಿನ್ನಿಗೆ ಗಾಳಿ ಕಡಿಮಿ ಹೋಗ್ತದೇನು?’ ಅಂದಳು. ಅವಳ ತಪ್ಪಲ್ಲ. ಮಳೆ ಸುದ್ದಿಯಲ್ಲಿ ‘ಬಂಗಾಳ ಕೊಲ್ಲಿಯಲ್ಲಿ ಕಡಿಮೆ ಒತ್ತಡ’ ಅಂದರೆ ಸುತ್ತಲಿಗಿಂತ ಕಡಿಮೆ ಎಂದೇ ಅರ್ಥ ಅಲ್ವಾ? ಟರ್ಬೊದಲ್ಲಿ ಹೊರಗಿನ ಗಾಳಿಗಿಂತ ಒತ್ತಡ ಜಾಸ್ತಿ ಇರುತ್ತದೆ. ಎಷ್ಟು ಜಾಸ್ತಿ ಅನ್ನುವುದೇ ಬೂಸ್ಟ್.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ಸುಮ್ನೆ ಇರುವ ಗಾಳಿಯ ಒತ್ತಡವೇ ಸುಮಾರು 0.92 ಬಾರ್ (ಬಾರ್ ಅಂದರೆ ಒತ್ತಡ ಅಳೆಯುವ ಮಾನ). ಟರ್ಬೊ 0.4 ಬಾರ್ ಬೂಸ್ಟ್ ಕೊಟ್ಟರೆ ಒಟ್ಟು 1.32 ಬಾರ್ ಆಯಿತು. 0.4ಕ್ಕೂ 1.32ಕ್ಕೂ ‘ಒತ್ತಡ’ ಎಂದೇ ಬರೆದರೆ ಓದುವವರು ಯಾವುದನ್ನು ಹಿಡಿಯಬೇಕು?

ಹೈಬ್ರಿಡ್‌ನಲ್ಲಿ ಈ ಗೊಂದಲ ಇನ್ನೂ ಕೆಟ್ಟದ್ದು. ಟೊಯೋಟಾ ಪ್ರಿಯಸ್‌ನಂಥ ಕಾರಿನ ಇಂಜಿನ್, ವಾಲ್ವನ್ನು ತಡವಾಗಿ ಮುಚ್ಚಿ, ಎಳೆದುಕೊಂಡ ಗಾಳಿಯಲ್ಲಿ ಸ್ವಲ್ಪವನ್ನು ವಾಪಸ್ ಬಿಡುತ್ತದೆ. ಪೆಟ್ರೋಲ್ ಉಳಿಯುತ್ತದೆ, ಆದರೆ ಇಂಜಿನ್ನಿನ ಜೋರು ಕಡಿಮೆ. ಆ ಕೊರತೆ ತುಂಬಲು ಟರ್ಬೊ. ಬೂಸ್ಟ್ ಜಾಸ್ತಿ ಮಾಡಿದರೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ನಾಕಿಂಗ್, ಅಂದರೆ ಇಂಜಿನ್ನಿನೊಳಗೆ ಬಡಿತ, ಶುರುವಾಗುತ್ತದೆ, ಪಿಸ್ಟನ್ ಕೆಡುತ್ತದೆ. ಅಂದರೆ ಇಲ್ಲಿ ಪದ ತಪ್ಪಿದರೆ ಅಳತೆಯೂ ತಪ್ಪುತ್ತದೆ.

ಟೈರ್ ಅಂಗಡಿಯ ಮಾತು ನನಗೆ ದಾರಿ ತೋರಿಸಿತು. ‘ಮೂವತ್ತು ಹವಾ ಹಾಕ್ರಿ’ ಅನ್ನುತ್ತೇವೆ. ಆ ಮೂವತ್ತು ಕೂಡ ಹೊರಗಿನ ಗಾಳಿಯ ಮೇಲಿನದ್ದೇ. ಪಂಕ್ಚರ್ ಆದ ಟೈರಿನೊಳಗೂ ಗಾಳಿ ಇರುತ್ತದೆ, ಆದರೂ ಗೇಜ್ ಸೊನ್ನೆ ತೋರಿಸುತ್ತದೆ. ಈ ಲೆಕ್ಕ ನಮ್ಮ ಜನಕ್ಕೆ ಹೊಸದಲ್ಲ. ಬರೀ ‘ಹವಾ’ ಅಂತ ಬರೆದರೆ ಮಾತ್ರ ಗಾಳಿ ಅಂತಲೇ ಓದುತ್ತಾರೆ.

ಕಂಬಾರರ ‘ತಿದಿ’ಯನ್ನೂ ಯೋಚಿಸಿದೆ. ಬಹಳ ಚೆಂದದ ಪದ. ಆದರೆ ಅದು ಗಾಳಿ ಊದುವ ಸಾಧನದ ಹೆಸರು, ಟರ್ಬೊಗೇ ಹೊಂದುತ್ತದೆ, ಅಳತೆಗೆ ಹೊಂದುವುದಿಲ್ಲ.

ಸದ್ಯಕ್ಕೆ ನನ್ನ ಮನಸ್ಸು ‘ಮೇಲೊತ್ತಡ’ದ ಕಡೆಗಿದೆ. ಮೇಲುಖರ್ಚು ಅನ್ನುತ್ತೇವಲ್ಲ, ಹಾಗೆ. ಎರಡು ಅನುಮಾನ ಉಳಿದಿವೆ. ಮೇಲಿನವರು ಹೇರುವ ಒತ್ತಡ ಎಂದು ಯಾರಾದರೂ ಓದಿಯಾರೇ? ಮತ್ತೆ ‘ಕಡಿಮೆ ಮೇಲೊತ್ತಡದ ಟರ್ಬೊ’ ಅನ್ನುವಾಗ ನಾಲಿಗೆ ತೊಡರುತ್ತದೆ. ‘ಹಗುರ ಮೇಲೊತ್ತಡ’ ಅನ್ನಬಹುದೇ?

‘ಹೈಬ್ರಿಡ್’ ಮುಟ್ಟುವುದಿಲ್ಲ. ಹೈಬ್ರಿಡ್ ಜೋಳದಿಂದ ಅದು ನಮ್ಮದೇ ಆಗಿದೆ. ‘ಮಿಶ್ರತಳಿ ಕಾರು’ ಅನ್ನಲು ಕಾರಿಗೆ ತಳಿ ಎಲ್ಲಿದೆ?

ವಿಜಯಪುರ, ಬಾಗಲಕೋಟೆ ಕಡೆಯವರಲ್ಲಿ ಒಂದು ಕೇಳಿಕೆ. ಬೋರ್ ಕೊರೆಯುವ ಗಾಡಿಯ ಕಂಪ್ರೆಸರ್ ನಡೆಸುವವರು ಈ ಹೆಚ್ಚಿನ ಒತ್ತಡಕ್ಕೆ ಏನನ್ನುತ್ತಾರೆ? ಅವರ ಬಾಯಲ್ಲಿ ಪದ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಬರೆಯುತ್ತೇನೆ.